ಕ್ರೂಸ್ ಹಡಗಿನ ಸೇಫ್ಟಿ ಡ್ರಿಲ್ ಯಾಕೆ ತಪ್ಪಿಸಬಾರದು, ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ

ಕ್ರೂಸ್ ಹಡಗು ಹತ್ತಿದ ದಿನ ಎಲ್ಲರಿಗೂ ಅವಸರ. ರೂಮು ನೋಡಬೇಕು, ಮೇಲಿನ ಡೆಕ್‌ಗೆ, ಅಂದರೆ ಮಹಡಿಗೆ, ಹೋಗಿ ಫೋಟೋ ತೆಗೆಯಬೇಕು, ಊಟ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಕು. ಅಷ್ಟರಲ್ಲಿ ಸ್ಪೀಕರ್‌ನಲ್ಲಿ ಕರೆ ಬರುತ್ತದೆ, ಎಲ್ಲರೂ ಸೇಫ್ಟಿ ಡ್ರಿಲ್‌ಗೆ ಬನ್ನಿ ಅಂತ. ಅಪಾಯ ಬಂದಾಗ ಏನು ಮಾಡಬೇಕು ಅನ್ನುವ ಅಭ್ಯಾಸ ಇದು, ಮಸ್ಟರ್ ಡ್ರಿಲ್ ಅಂತಲೂ ಕರೆಯುತ್ತಾರೆ. ಸುಮ್ನೆ ಶಾಸ್ತ್ರಕ್ಕೆ ಮಾಡ್ತಾರೆ ಅಂದುಕೊಂಡು ಬಹಳ ಜನ ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಅದು ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. ಹೋಗಲೇಬೇಕು. ಯಾಕೆ ಅಂತ ಬಿಡಿಸಿ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿಗೂ ಕ್ರೂಸ್‌ಗೂ ಏನು ಸಂಬಂಧ ಅಂತ ಕೇಳಬೇಡಿ. 2021ರ ಸೆಪ್ಟೆಂಬರ್‌ನಿಂದ ಮುಂಬೈಯಿಂದಲೇ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಗೋವಾ, ಲಕ್ಷದ್ವೀಪದ ಕಡೆ ಓಡಲು ಶುರುವಾಯಿತು. ಇಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಮುಂಬೈ. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ದುಡಿಯುತ್ತಾರೆ, ಅಪ್ಪ ಅವ್ವನ ಮದುವೆಗೆ ಇಷ್ಟು ವರ್ಷ ಆಯ್ತು ಅಂತ ಟಿಕೆಟ್ ತೆಗೆದು ಕಳಿಸುತ್ತಾರೆ. ನಮ್ಮ ಓಣಿಯ ಕಾಕಾ ಒಬ್ಬರು ಹಾಗೇ ಹೊರಟಿದ್ದಾರೆ. ಮೊನ್ನೆ ಕರೆದು ಕೇಳಿದರು: “ಏನಪಾ ತಮ್ಮಾ, ಆ ಡ್ರಿಲ್ಲಿಗಿ ಹೋಗಲೇಬೇಕೇನು? ನಿಮ್ಮ ಕಾಕಿಗಿ ಮೊಳಕಾಲ ನೋವದ, ಬಾಳೊತ್ತ ನಿಂದ್ರಲಾಕ ಆಗಲ್ಲ. ಮತ್ತ ಅಲ್ಲಿ ಎಲ್ಲಾ ಇಂಗ್ಲಿಷಿನ್ಯಾಗ ಹೇಳ್ತಾರಂತ, ಅಕಿಗಿ ಏನ್ ತಿಳೀತದ?”

ಎರಡೂ ಸರಿಯಾದ ಪ್ರಶ್ನೆಗಳೇ. ಉತ್ತರಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಡ್ರಿಲ್ ಯಾತಕ್ಕೆ ಅನ್ನೋದು ತಿಳಿಯಬೇಕು.

ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ಕಲಿಸುವುದೇ ಡ್ರಿಲ್ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಅದರಲ್ಲಿ ಒಂದು ಸಣ್ಣ ಭಾಗ. ಅಸಲಿ ಕೆಲಸ ಎರಡು. ನೀವು ಎಲ್ಲಿ ಹೋಗಿ ನಿಲ್ಲಬೇಕು ಅನ್ನೋದು ನಿಮಗೆ ಗೊತ್ತಾಗಬೇಕು, ಮತ್ತು ನೀವು ಅಲ್ಲಿ ಬಂದಿದ್ದೀರಿ ಅನ್ನೋದು ಹಡಗಿನವರಿಗೆ ಗೊತ್ತಾಗಬೇಕು. ಅಷ್ಟೇ. ಕಲಬುರಗಿಯಲ್ಲಿ ಅಪ್ಪನ (ಶರಣಬಸವೇಶ್ವರರ) ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಗದ್ದಲದೊಳಗೆ ಹೋಗುವ ಮೊದಲೇ ಒಂದು ಜಾಗ ತೋರಿಸಿ, ಕೈ ಬಿಟ್ಟರೆ ಇಲ್ಲೇ ಬಂದು ನಿಂತುಕೋ ಅಂತ ಹೇಳುತ್ತಾರೆ. ಕೈ ಬಿಟ್ಟ ಮೇಲೆ ಹೇಳಲು ಆಗುವುದಿಲ್ಲ. ಹಡಗಿನಲ್ಲೂ ಹಾಗೆಯೇ ಪ್ರತಿಯೊಬ್ಬರಿಗೂ ಒಂದು ಜಾಗ ಗೊತ್ತು ಮಾಡಿರುತ್ತಾರೆ. ಅದಕ್ಕೆ ಮಸ್ಟರ್ ಸ್ಟೇಷನ್ ಅಂತ ಹೆಸರು. ರೂಮಿನ ಬಾಗಿಲು ತೆಗೆಯಲು ಕೊಡುವ ಕಾರ್ಡಿನ ಮೇಲೆ ಅದರ ಅಕ್ಷರವೋ ನಂಬರೋ ಅಚ್ಚಾಗಿರುತ್ತದೆ. ರೂಮಿನ ಬಾಗಿಲ ಹಿಂದೆ ಅಲ್ಲಿಗೆ ಹೋಗುವ ದಾರಿಯ ನಕ್ಷೆ ಇರುತ್ತದೆ. ಸ್ಟೇಷನ್ ಅಂದರೆ ಬಯಲಲ್ಲೇ ಇರಬೇಕು ಅಂತಿಲ್ಲ. ಊಟದ ಹಾಲ್ ಇರಬಹುದು, ನಾಟಕದ ಥಿಯೇಟರ್ ಇರಬಹುದು, ಲೈಫ್‌ಬೋಟ್‌ಗಳ ಕೆಳಗಿನ ಡೆಕ್ ಇರಬಹುದು.

ಎಣಿಕೆಗೆ ಯಾಕೆ ಇಷ್ಟು ಮಹತ್ವ? ದೊಡ್ಡ ಹಡಗಿನಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ ಐದಾರು ಸಾವಿರ ಜನ ಇರುತ್ತಾರೆ. ಹದಿನಾರು, ಹದಿನೆಂಟು ಡೆಕ್. ನೂರಾರು ಅಡಿ ಉದ್ದದ ಕಾರಿಡಾರ್, ಎಲ್ಲಾ ಬಾಗಿಲೂ ಒಂದೇ ಥರ. ಇಂಥದ್ದರಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿತು ಅಂದುಕೊಳ್ಳಿ. ಸ್ಟೇಷನ್‌ನಲ್ಲಿ ಎಣಿಸಿದಾಗ ಇಂಥ ರೂಮಿನ ಇಬ್ಬರು ಬಂದಿಲ್ಲ ಅಂತ ಗೊತ್ತಾದರೆ ಅವರನ್ನು ಹುಡುಕಲು ಸಿಬ್ಬಂದಿ ಆ ಹೊಗೆಯೊಳಗೆ ಹೋಗುತ್ತಾರೆ. ಆ ಇಬ್ಬರು ಬೇರೆ ಸ್ಟೇಷನ್‌ನಲ್ಲಿ ಸುಖವಾಗಿ ಕೂತಿದ್ದರೆ? ಯಾರದೋ ಮಗ ಸುಮ್ನೆ ಜೀವ ಪಣಕ್ಕಿಟ್ಟು ಖಾಲಿ ರೂಮಿನ ಬಾಗಿಲು ಬಡಿಯುತ್ತಿರುತ್ತಾನೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತು ಇದು. ಡ್ರಿಲ್ ತಪ್ಪಿಸುವವರು ತಮ್ಮ ಜೀವದ ಲೆಕ್ಕ ಮಾತ್ರ ಹಾಕಿರುತ್ತಾರೆ, ತಮ್ಮನ್ನು ಹುಡುಕಿಕೊಂಡು ಬರುವವನ ಲೆಕ್ಕ ಹಾಕಿರುವುದಿಲ್ಲ.

ಈಗ ಆ ಸದ್ದಿನ ವಿಷಯ. ಏಳು ಅಥವಾ ಅದಕ್ಕಿಂತ ಜಾಸ್ತಿ ಚಿಕ್ಕ ಸದ್ದು, ಆಮೇಲೆ ಒಂದು ಉದ್ದನೆಯ ಸದ್ದು. ಹಡಗಿನ ಸೀಟಿಯಲ್ಲೂ ಒಳಗಿನ ಗಂಟೆಯಲ್ಲೂ ಇದು ಕೇಳುತ್ತದೆ. ಜಗತ್ತಿನ ಯಾವ ದೇಶದ ಹಡಗಾದರೂ ಇದೇ ಗುರುತು. ಇಂಗ್ಲಿಷ್ ಬರದಿದ್ದರೂ, ಓದು ಬರದಿದ್ದರೂ ಎಣಿಸಿ ತಿಳಿದುಕೊಳ್ಳಬಹುದು. ಆದರೆ ಈ ಸದ್ದು ಕೇಳಿದ ಕೂಡಲೇ ಹಡಗು ಮುಳುಗುತ್ತಿದೆ ಅಂತ ಅರ್ಥ ಅಲ್ಲ. ಎಲ್ಲರೂ ತಮ್ಮ ತಮ್ಮ ಸ್ಟೇಷನ್‌ಗೆ ಬನ್ನಿ ಅಂತ ಮಾತ್ರ ಅರ್ಥ. ಹಡಗು ಬಿಡಿ ಅನ್ನುವ ಆಜ್ಞೆ ಬೇರೆ, ಅದನ್ನು ಕ್ಯಾಪ್ಟನ್ ಬಾಯಿಂದ ಹೇಳುತ್ತಾರೆ. ಇವೆರಡರ ವ್ಯತ್ಯಾಸ ಗೊತ್ತಿಲ್ಲದವರು ಸದ್ದು ಕೇಳಿದ ಕೂಡಲೇ ಬೋಟ್ ಕಡೆ ಓಡುತ್ತಾರೆ, ಇಲ್ಲವೇ ಬ್ಯಾಗು ತರಲು ರೂಮಿಗೆ ಓಡುತ್ತಾರೆ. ಎರಡೂ ತಪ್ಪು.

ಹಡಗಿಗೆ ಏನಾದರೂ ಆದರೆ ಕೂಡಲೇ ಬೋಟಿನಲ್ಲಿ ಕೂರಿಸಿ ಕಳಿಸಬಾರದೇ ಅಂತ ಅನಿಸುತ್ತದೆ ಅಲ್ವಾ? ಹಾಗೆ ಮಾಡುವುದಿಲ್ಲ. ಅಲೆ ಇರುವ ಸಮುದ್ರದಲ್ಲಿ ಮುದುಕರು ಮಕ್ಕಳನ್ನು ಸಣ್ಣ ಬೋಟಿಗೆ ಇಳಿಸುವುದೇ ದೊಡ್ಡ ಅಪಾಯ. ಆದ್ದರಿಂದ ಸಾಧ್ಯವಾದಷ್ಟು ಹೊತ್ತು ಹಡಗಿನಲ್ಲೇ ಜನರನ್ನು ಉಳಿಸಿಕೊಳ್ಳಬೇಕು ಅನ್ನೋದು ಈಗಿನ ಪದ್ಧತಿ. ಹಡಗನ್ನು ಉದ್ದಕ್ಕೆ ಸುಮಾರು 40 ಮೀಟರಿಗೊಂದು ಭಾಗ ಮಾಡಿ, ನಡುವೆ ಬೆಂಕಿ ತಡೆಯುವ ಗೋಡೆ ಇಟ್ಟಿರುತ್ತಾರೆ. ಅಲಾರ್ಮ್ ಆದಾಗ ಆ ಗೋಡೆಗಳ ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತವೆ. ಹೊಸಬರು ಅದನ್ನು ನೋಡಿ, ಅಯ್ಯೋ ನಮ್ಮನ್ನು ಒಳಗೆ ಹಾಕಿ ಬೀಗ ಹಾಕಿದರು ಅಂತ ಹೆದರುತ್ತಾರೆ. ಬೀಗ ಅಲ್ಲ, ಕೈಯಿಂದ ದೂಡಿದರೆ ತೆಗೆಯುತ್ತದೆ, ನೀವು ದಾಟಿದ ಮೇಲೆ ಮತ್ತೆ ಮುಚ್ಚುತ್ತದೆ. 2010ರ ಜುಲೈ 1ರ ನಂತರ ಕಟ್ಟಿದ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಇನ್ನೂ ಒಂದು ನಿಯಮ ಇದೆ. ಒಂದು ಭಾಗದಲ್ಲಿ ಬೆಂಕಿಯೋ ನೀರೋ ಹೊಕ್ಕರೂ ಒಂದು ಮಿತಿಯವರೆಗೆ ಹಡಗು ತನ್ನ ಎಂಜಿನ್ನಿನ ಬಲದಿಂದಲೇ ಬಂದರಿಗೆ ಮರಳುವಂತಿರಬೇಕು.

ಬೋಟ್ ಇಳಿಸಲೇಬೇಕಾದ ಹೊತ್ತು ಬಂದರೆ ಏನು? ಹಡಗಿನ ಸುರಕ್ಷತೆಗೆ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಪ್ರಕಾರ ದೂರ ಸಮುದ್ರಕ್ಕೆ ಹೋಗುವ ಪ್ರಯಾಣಿಕ ಹಡಗಿನಲ್ಲಿ ಲೈಫ್‌ಬೋಟು, ಗಾಳಿ ತುಂಬಿ ಉಬ್ಬುವ ತೆಪ್ಪ ಎಲ್ಲ ಸೇರಿ ಇರುವ ಜನಕ್ಕಿಂತ ನೂರಕ್ಕೆ 25ರಷ್ಟು ಜಾಸ್ತಿ ಜಾಗ ಇರಬೇಕು. ಬೋಟುಗಳು ಹಡಗಿನ ಎರಡೂ ಮಗ್ಗುಲಲ್ಲಿ ಇರಬೇಕು. ಒಂದು ಬೋಟಿಗೆ ಸಾಮಾನ್ಯವಾಗಿ 150 ಜನ ಮಿತಿ. ಓಯಸಿಸ್ ಆಫ್ ದಿ ಸೀಸ್ ಥರದ ಭಾರಿ ಹಡಗುಗಳಲ್ಲಿ ವಿಶೇಷ ಅನುಮತಿ ಪಡೆದು 370 ಜನರ ಬೋಟ್ ಇಟ್ಟಿದ್ದಾರೆ. ಎಲ್ಲರೂ ಜಾಕೆಟ್ ತೊಟ್ಟು ಸೇರಿದ ಮೇಲೆ ಹಡಗು ಬಿಡುವ ಆಜ್ಞೆ ಬಂತೆಂದರೆ 30 ನಿಮಿಷದೊಳಗೆ ಅಷ್ಟೂ ಬೋಟುಗಳನ್ನು ಜನರ ಸಮೇತ ಇಳಿಸುವಂತಿರಬೇಕು.

ಇಲ್ಲಿ ಸ್ವಲ್ಪ ನಿಂತು ನೋಡಿ. ಆ 30 ನಿಮಿಷ ಶುರುವಾಗುವುದು ಎಲ್ಲರೂ ಸೇರಿದ ಮೇಲೆ. ಸದ್ದು ಕೇಳಿ, ಮಲಗಿದವರು ಎದ್ದು, ದಾರಿ ಹುಡುಕಿ, ಮೆಟ್ಟಿಲು ಹತ್ತಿ ಇಳಿದು, ಸೇರಿ, ಬೋಟಿನಲ್ಲಿ ಇಳಿಯುವವರೆಗೆ ದೊಡ್ಡ ಹಡಗಿಗೆ ಒಟ್ಟು 80 ನಿಮಿಷ ಮೀರಬಾರದು ಅಂತ ಲೆಕ್ಕ ಹಾಕಿ ಹಡಗಿನ ನಕ್ಷೆ ಮಾಡುತ್ತಾರೆ, ಸ್ವಲ್ಪ ಚಿಕ್ಕವಕ್ಕೆ 60 ನಿಮಿಷ. ಬೋಟ್ ಇಳಿಸುವುದು ಯಂತ್ರದ ಕೆಲಸ, ಅದಕ್ಕೆ ಹಿಡಿಯುವ ಸಮಯ ಹೆಚ್ಚು ಕಡಿಮೆ ಗೊತ್ತಿರುವಂಥದ್ದು. ಜನ ಸೇರುವುದು ಮಾತ್ರ ಜನರ ಕೈಯಲ್ಲೇ ಇದೆ. ಡ್ರಿಲ್ ಉಳಿಸುವ ಸಮಯ ಅದೇ.

ಬೋಟ್ ತಡವಾದರೆ ಇನ್ನೊಂದು ಕಷ್ಟ. ಹಡಗು ಒಂದು ಕಡೆಗೆ 20 ಡಿಗ್ರಿ ವಾಲಿದರೂ ಬೋಟ್ ಇಳಿಯಬೇಕು ಅಂತ ನಿಯಮ. ಅದಕ್ಕಿಂತ ಜಾಸ್ತಿ ವಾಲಿದರೆ ಮೇಲೆದ್ದ ಮಗ್ಗುಲಿನ ಬೋಟು ಹಡಗಿನ ಮೈಗೆ ಉಜ್ಜಿಕೊಂಡು ಸಿಕ್ಕಿಬೀಳುತ್ತದೆ, ಕೆಳಗಾದ ಮಗ್ಗುಲಿನ ಬೋಟು ದೂರ ಜೋತಾಡಿ ಹತ್ತಲು ಬಾರದಂತಾಗುತ್ತದೆ.

ಇದೆಲ್ಲ ಕಾಗದದ ಮೇಲಿನ ಮಾತಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಹಡಗಿನಲ್ಲಿ ಇಷ್ಟೂ ನಡೆಯಿತು. ಒಳಗೆ 4,229 ಜನ. ದಡಕ್ಕೆ ಅತಿ ಹತ್ತಿರ ಹೋದ ಹಡಗು 9 ಗಂಟೆ 45 ನಿಮಿಷಕ್ಕೆ ಬಂಡೆಗೆ ಬಡಿಯಿತು. ಹೊಟ್ಟೆಯ ಪಕ್ಕ 50 ಮೀಟರಿಗೂ ಉದ್ದ ಸೀಳಿತು. ಎಂಜಿನ್ ಕೋಣೆಗೆ ನೀರು ಹೊಕ್ಕಿತು, ದೀಪ ಆರಿದವು. ಜನ ಆಗ ರಾತ್ರಿ ಊಟಕ್ಕೆ ಕೂತಿದ್ದರು. ಸ್ಪೀಕರ್‌ನಲ್ಲಿ ಹೇಳಿದ್ದು ಏನು? ಕರೆಂಟಿನ ತೊಂದರೆ, ಸರಿ ಮಾಡುತ್ತಿದ್ದೇವೆ ಅಂತ. ಎಲ್ಲರೂ ಸೇರಿ ಅನ್ನುವ ಆ ಏಳು ಚಿಕ್ಕ ಒಂದು ಉದ್ದ ಸದ್ದು ಕೇಳಿಸಿದ್ದು 10 ಗಂಟೆ 33ಕ್ಕೆ. ಹಡಗು ಬಿಡಿ ಅನ್ನುವ ಆಜ್ಞೆ ಬಂದಿದ್ದು 10 ಗಂಟೆ 54ಕ್ಕೆ. ಬಡಿದು ಒಂದು ಗಂಟೆ ಮೇಲಾಗಿತ್ತು, ಹಡಗು ವಾಲುತ್ತಲೇ ಇತ್ತು. 32 ಜನ ಸತ್ತರು. ಅದರಲ್ಲಿ ನಮ್ಮ ದೇಶದ ಒಬ್ಬ ವೇಟರ್ ಕೂಡ ಇದ್ದರು. ಅವರ ದೇಹ ಸಿಕ್ಕಿದ್ದು 2014ರಲ್ಲಿ, ಹಡಗನ್ನು ಎತ್ತಿ ಬಂದರಿಗೆ ಎಳೆದುಕೊಂಡು ಹೋದ ಮೇಲೆ. ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು.

ಡ್ರಿಲ್‌ಗೆ ಸಂಬಂಧಿಸಿದ ಮಾತು ಇದು. ಆ ಸಂಜೆಯಷ್ಟೇ ಚಿವಿತಾವೆಕ್ಯ ಬಂದರಿನಲ್ಲಿ ಸುಮಾರು 700 ಜನ ಹೊಸದಾಗಿ ಹತ್ತಿದ್ದರು. ಆಗಿನ ನಿಯಮದ ಪ್ರಕಾರ ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. ಅವರ ಡ್ರಿಲ್ ಮರುದಿನಕ್ಕೆ ಇತ್ತು. ಹಡಗು ಬಂದರು ಬಿಟ್ಟು ಮೂರು ಗಂಟೆಯೊಳಗೇ ಬಂಡೆಗೆ ಬಡಿಯಿತು. ಕತ್ತಲಲ್ಲಿ, ವಾಲಿದ ನೆಲದ ಮೇಲೆ, ಗೊತ್ತಿಲ್ಲದ ಹಡಗಿನಲ್ಲಿ ಆ ಜನ ತಮ್ಮ ಜಾಗ ಹುಡುಕಬೇಕಾಯಿತು.

ಅಪಘಾತ ಆದ ಒಂದು ತಿಂಗಳೊಳಗೇ ಕ್ರೂಸ್ ಕಂಪನಿಗಳ ಒಕ್ಕೂಟ, ಇನ್ನು ಮೇಲೆ ಬಂದರು ಬಿಡುವ ಮೊದಲೇ ಡ್ರಿಲ್ ಮಾಡುತ್ತೇವೆ ಅಂತ ತಾನಾಗಿ ಒಪ್ಪಿಕೊಂಡಿತು. 2015ರ ಜನವರಿ 1ರಿಂದ ಸೋಲಾಸ್ ನಿಯಮವೇ ಬದಲಾಯಿತು. ಹೊಸದಾಗಿ ಹತ್ತಿದವರು ಒಂದು ದಿನಕ್ಕಿಂತ ಜಾಸ್ತಿ ಹಡಗಿನಲ್ಲಿ ಇರುವುದಾದರೆ ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ನಿಮ್ಮ ಸಾಮಾನು ಇನ್ನೂ ರೂಮಿಗೆ ಬಂದಿರುವುದಿಲ್ಲ, ಅಷ್ಟರಲ್ಲೇ ಡ್ರಿಲ್‌ಗೆ ಕರೆಯುತ್ತಾರೆ, ಕಾರಣ ಇದೇ. ಬರಲ್ಲ ಅಂತ ಹಟ ಹಿಡಿದವರನ್ನು ಹಡಗಿನಿಂದ ಇಳಿಸುವ ಅಧಿಕಾರವೂ ಕ್ಯಾಪ್ಟನ್‌ಗೆ ಇದೆ.

ಈ ಸೋಲಾಸ್ ಹುಟ್ಟಿದ್ದೇ ಟೈಟಾನಿಕ್‌ನಿಂದ. 1912ರ ಏಪ್ರಿಲ್‌ನಲ್ಲಿ ಅದು ಮುಳುಗಿತು, 1914ರಲ್ಲಿ ಮೊದಲ ಒಪ್ಪಂದ ಬಂತು, ಈಗ ನಡೆಯುತ್ತಿರುವುದು 1974ರಲ್ಲಿ ಆದದ್ದು. ಟೈಟಾನಿಕ್‌ನಲ್ಲಿ ಬೋಟು ಸಾಲಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಇದ್ದ ಬೋಟಿನಲ್ಲೂ ಜಾಗ ಖಾಲಿ ಉಳಿಯಿತು ಅನ್ನೋದು ಅಷ್ಟು ಜನರಿಗೆ ಗೊತ್ತಿಲ್ಲ. ಒಟ್ಟು ಬೋಟುಗಳಲ್ಲಿ 1,178 ಜನ ಹಿಡಿಯುತ್ತಿದ್ದರು, ಬದುಕಿದ್ದು ಸುಮಾರು 700 ಜನ. ಮೊದಲು ಇಳಿದ ಬೋಟಿನಲ್ಲಿ 65 ಜನರ ಜಾಗಕ್ಕೆ ಹೆಚ್ಚು ಕಡಿಮೆ 28 ಜನ ಕೂತಿದ್ದರು. ಬೆಚ್ಚಗಿನ ದೊಡ್ಡ ಹಡಗು ಬಿಟ್ಟು ಕತ್ತಲ ಸಮುದ್ರದ ಸಣ್ಣ ಬೋಟಿಗೆ ಇಳಿಯಲು ಜನ ಒಪ್ಪಲಿಲ್ಲ, ಯಾರನ್ನು ಯಾವ ಬೋಟಿಗೆ ಕೂರಿಸಬೇಕು ಅನ್ನುವ ಸರಿಯಾದ ಏರ್ಪಾಡೂ ಇರಲಿಲ್ಲ.

ಹಾಗಾದರೆ ಡ್ರಿಲ್‌ನಲ್ಲಿ ನಮ್ಮನ್ನು ಬೋಟಿನಲ್ಲಿ ಕೂರಿಸಿ ಇಳಿಸಿ ತೋರಿಸಬೇಕಲ್ಲ, ಅದನ್ನು ಯಾಕೆ ಮಾಡಲ್ಲ ಅಂತ ಕೇಳಬಹುದು. ಬೋಟ್ ಇಳಿಸುವ ಅಭ್ಯಾಸವೇ ಜೀವ ತೆಗೆದದ್ದಿದೆ. 2013ರ ಫೆಬ್ರವರಿಯಲ್ಲಿ ಸ್ಪೇನ್‌ನ ಕ್ಯಾನರಿ ದ್ವೀಪಗಳಲ್ಲಿ ಥಾಮ್ಸನ್ ಮೆಜೆಸ್ಟಿ ಹಡಗು ಬಂದರಿನಲ್ಲಿ ನಿಂತಿದ್ದಾಗ, ಸಿಬ್ಬಂದಿಯ ಡ್ರಿಲ್ ನಡೆಯುವಾಗ, ಬೋಟನ್ನು ಹಿಡಿದ ತಂತಿ ಹಗ್ಗ ಕಡಿದು ಬೋಟು ಬುಡಮೇಲಾಗಿ ಬಿತ್ತು. 5 ಜನ ಸಿಬ್ಬಂದಿ ಸತ್ತರು. ಆದ್ದರಿಂದ ಬೋಟ್ ಕೆಲಸ ಸಿಬ್ಬಂದಿಗೆ ಮಾತ್ರ. ಅವರಿಗೆ ಪ್ರಯಾಣಿಕ ಹಡಗಿನಲ್ಲಿ ವಾರಕ್ಕೊಮ್ಮೆ ಬೆಂಕಿಯ ಡ್ರಿಲ್, ಹಡಗು ಬಿಡುವ ಡ್ರಿಲ್ ಇರುತ್ತದೆ. ನಿಮಗೆ ಊಟ ಬಡಿಸುವವರು, ಹಾಸಿಗೆ ಸರಿ ಮಾಡುವವರು, ರಾತ್ರಿ ಹಾಡು ಹೇಳುವವರು, ಎಲ್ಲರಿಗೂ ಆ ಹೊತ್ತಿಗೆ ಒಂದೊಂದು ಕೆಲಸ ಹಂಚಿರುತ್ತದೆ. ಮೆಟ್ಟಿಲ ಹತ್ತಿರ ಕೈ ತೋರಿಸುತ್ತಾ ನಿಲ್ಲುವ ಹುಡುಗಿಯನ್ನು ನೋಡಿ, ಇವಳು ಮಧ್ಯಾಹ್ನ ಕಾಫಿ ಕೊಟ್ಟವಳಲ್ವಾ ಅಂತ ಹಗುರ ಮಾಡಬೇಡಿ. ಆ ಮೆಟ್ಟಿಲಿನ ಜವಾಬ್ದಾರಿ ಆಕೆಯದು, ಆಕೆ ಹೇಳಿದ ಕಡೆ ಹೋಗಬೇಕು.

2020ರ ನಂತರ ಇನ್ನೊಂದು ಬದಲಾವಣೆ ಆಯಿತು. ಕೊರೊನಾ ಕಾಲದಲ್ಲಿ ಸಾವಿರಾರು ಜನರನ್ನು ಒಂದೇ ಕಡೆ ಸೇರಿಸುವುದು ಬೇಡ ಅಂತ ರಾಯಲ್ ಕೆರಿಬಿಯನ್ ಕಂಪನಿ ಮಸ್ಟರ್ 2.0 ಅಂತ ಹೊಸ ರೀತಿ ತಂದಿತು. ಫೋನಿನಲ್ಲೋ ರೂಮಿನ ಟಿವಿಯಲ್ಲೋ ವಿಡಿಯೋ ನೋಡಬೇಕು, ಸದ್ದು ಕೇಳಿಸಿಕೊಳ್ಳಬೇಕು, ಆಮೇಲೆ ಹಡಗು ಹೊರಡುವುದರೊಳಗೆ ನಿಮಗೆ ಅನುಕೂಲವಾದಾಗ ನಿಮ್ಮ ಸ್ಟೇಷನ್‌ಗೆ ಹೋಗಿ ಕಾರ್ಡ್ ತೋರಿಸಿ ಬರಬೇಕು. ಈಗ ಬೇರೆ ಎಷ್ಟೋ ಕಂಪನಿಗಳೂ ಇದನ್ನೇ ಮಾಡುತ್ತವೆ. ಬಿಸಿಲಲ್ಲಿ ಗುಂಪಾಗಿ ನಿಲ್ಲುವುದು ತಪ್ಪಿತು, ಮುದುಕರಿಗೆ ಅನುಕೂಲ ಆಯಿತು, ಅದು ಒಳ್ಳೆಯದೇ. ಆದರೆ ನನಗೆ ಇದರಲ್ಲಿ ಒಂದು ಭಯ ಇದೆ. ವಿಡಿಯೋ ಹಾಕಿಟ್ಟು ಫೋನ್ ಆ ಕಡೆ ಇಟ್ಟರೆ ನೋಡಿದ ಹಾಗೇ ದಾಖಲಾಗುತ್ತದೆ. ಮಕ್ಕಳು ಅಪ್ಪ ಅವ್ವನ ಪರವಾಗಿ ಎಲ್ಲಾ ಒತ್ತಿ ಮುಗಿಸಿಬಿಡುತ್ತಾರೆ. ಸ್ಟೇಷನ್‌ಗೂ ಜನ ಊಟದ ಹಾಲ್‌ನಿಂದ ನೇರ ಹೋಗಿ ಕಾರ್ಡ್ ತೋರಿಸಿ ಮುಂದೆ ನಡೆದುಬಿಡುತ್ತಾರೆ. ಹೀಗೆ ಮಾಡಿದರೆ ನಿಯಮ ಮುಗಿಯುತ್ತದೆ, ದಾರಿ ಮಾತ್ರ ಗೊತ್ತಾಗುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಕಾರ್ಡ್ ತೋರಿಸಿ ಬಂದ ಮೇಲೆ, ಅದೇ ಸಂಜೆ, ನಿಮ್ಮ ರೂಮಿನ ಬಾಗಿಲಿಂದ ಶುರು ಮಾಡಿ ಸ್ಟೇಷನ್‌ವರೆಗೆ ನಡೆದುಕೊಂಡು ಹೋಗಿ. ಲಿಫ್ಟ್ ಬೇಡ, ಬೆಂಕಿಯ ಹೊತ್ತಿನಲ್ಲಿ ಅದು ನಡೆಯುವುದಿಲ್ಲ. ಬಾಗಿಲಿಂದ ಹೊರಗೆ ಬಂದರೆ ಎಡಕ್ಕೋ ಬಲಕ್ಕೋ, ಮೆಟ್ಟಿಲವರೆಗೆ ಎಷ್ಟು ಬಾಗಿಲು, ಎಷ್ಟು ಮಹಡಿ ಮೇಲೆ ಅಥವಾ ಕೆಳಗೆ, ಇಷ್ಟು ನೋಡಿಟ್ಟುಕೊಳ್ಳಿ. ಕಾರಿಡಾರ್‌ನಲ್ಲಿ ನೆಲದ ಹತ್ತಿರ ಒಂದು ಪಟ್ಟಿ ಓಡಿರುತ್ತದೆ, ಕತ್ತಲಾದರೆ ಅದು ಹೊಳೆಯುತ್ತದೆ. ಹೊಗೆ ಮೇಲಕ್ಕೇರುತ್ತದೆ, ಚಾವಣಿಯ ದೀಪ ಕಾಣುವುದಿಲ್ಲ, ಅದಕ್ಕೇ ಆ ಪಟ್ಟಿಯನ್ನು ಕೆಳಗೆ ಹಾಕಿರುತ್ತಾರೆ. ಬಗ್ಗಿ ಅದನ್ನು ಹಿಡಿದು ಹೋಗಬೇಕು. ಮರಳಿ ಬರುವಾಗ ಇನ್ನೊಂದು ಮೆಟ್ಟಿಲಿಂದ ಬನ್ನಿ. ಜನ ಗಾಬರಿಯಲ್ಲಿ ಗೊತ್ತಿರುವ ದಾರಿಗೇ ನುಗ್ಗುತ್ತಾರೆ, ಆ ದಾರಿ ಮುಚ್ಚಿದ್ದರೆ ಎರಡನೆಯದು ಗೊತ್ತಿರಬೇಕು.

ಲೈಫ್ ಜಾಕೆಟ್ ಕೆಲವು ಹಡಗಿನಲ್ಲಿ ರೂಮಿನ ಕಪಾಟಿನಲ್ಲಿ ಇರುತ್ತದೆ, ಕೆಲವು ಹಡಗಿನಲ್ಲಿ ಸ್ಟೇಷನ್‌ನಲ್ಲೇ ಕೊಡುತ್ತಾರೆ. ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಿತ್ತಳೆ ಬಣ್ಣ, ಹೊಳೆಯುವ ಪಟ್ಟಿ, ದಾರಕ್ಕೆ ಕಟ್ಟಿದ ಸೀಟಿ, ನೀರಿಗೆ ಬಿದ್ದಾಗ ಬೆಳಗುವ ಸಣ್ಣ ದೀಪ. ತಲೆ ತೂರಿಸಿ, ಬೆಲ್ಟನ್ನು ಸೊಂಟ ಸುತ್ತಿ ತಂದು, ಬಕಲ್ ಹಾಕಿ, ಬಿಗಿಯಾಗಿ ಎಳೆಯಬೇಕು. ಸಡಿಲ ಇದ್ದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಹೋಗುತ್ತದೆ, ನೀವು ಕೆಳಗೆ ಜಾರುತ್ತೀರಿ. ಈಜು ಬೇಕಾಗಿಲ್ಲ. ಪ್ರಜ್ಞೆ ತಪ್ಪಿದವರು ಬೋರಲು ಬಿದ್ದರೂ ಅಂಗಾತ ತಿರುಗಿಸಿ, ಬಾಯಿಯನ್ನು ನೀರಿನಿಂದ ಸುಮಾರು 12 ಸೆಂಟಿಮೀಟರ್ ಮೇಲೆ ಹಿಡಿಯುವ ಹಾಗೆ ಅದನ್ನು ಮಾಡಿರುತ್ತಾರೆ. ಅದನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತು ಇದೆ. ಏನೂ ಗೊತ್ತಿಲ್ಲದವರಲ್ಲಿ ನೂರಕ್ಕೆ 75 ಜನ ಒಂದು ನಿಮಿಷದಲ್ಲಿ ಸರಿಯಾಗಿ ತೊಡುವಂತಿದ್ದರೆ ಸಾಕು, ಆದರೆ ಒಮ್ಮೆ ತೋರಿಸಿಕೊಟ್ಟ ಮೇಲೆ ಎಲ್ಲರಿಗೂ ಒಂದು ನಿಮಿಷದಲ್ಲಿ ಬರಬೇಕು. ಡ್ರಿಲ್‌ನಲ್ಲಿ ಸಿಬ್ಬಂದಿ ಜಾಕೆಟ್ ತೊಟ್ಟು ತೋರಿಸುವ ಆ ಎರಡು ನಿಮಿಷಕ್ಕೆ ಇರುವ ಬೆಲೆ ಅಷ್ಟು.

ಬ್ಯಾಗು ಬೇಡ ಅನ್ನುವುದಕ್ಕೂ ಲೆಕ್ಕ ಇದೆ. ಲೈಫ್‌ಬೋಟಿನಲ್ಲಿ ಒಬ್ಬರಿಗೆ ಸಿಗುವ ಜಾಗದ ಅಗಲ 43 ಸೆಂಟಿಮೀಟರ್. ಭುಜಕ್ಕೆ ಭುಜ ತಾಗಿ ಕೂರಬೇಕು. ದಿನಾ ತಗೊಳ್ಳುವ ಮಾತ್ರೆ, ಕನ್ನಡಕ, ಫೋನು ಒಂದು ಸಣ್ಣ ಚೀಲದಲ್ಲಿ ಸದಾ ಜೊತೆಗೇ ಇರಲಿ. ರೂಮಿನಲ್ಲಿದ್ದರೆ ಕಾಲಿಗೆ ಶೂ, ಮೈಗೆ ಬೆಚ್ಚಗಿನದೊಂದು ಹಾಕಿಕೊಂಡು ಹೊರಡಿ. ರೂಮಿನಿಂದ ದೂರ ಇದ್ದರೆ ಮರಳಿ ರೂಮಿಗೆ ಹೋಗಬೇಡಿ, ನೇರ ಸ್ಟೇಷನ್‌ಗೆ ನಡೆಯಿರಿ. ಹೋಗಲಾರದವರಿಗೆ ಕೊಡಲು ಅಲ್ಲಿ ಬೇರೆ ಜಾಕೆಟ್ ಇರುತ್ತವೆ.

ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಹೇಳುವವರೇ ತಪ್ಪು ಹೇಳಿದರೆ? ಕಾಂಕಾರ್ಡಿಯಾದಲ್ಲಿ ಜನರಿಗೆ ರೂಮಿಗೆ ಹೋಗಿ ಅಂದರು. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದಲ್ಲಿ ಸೆವೋಲ್ ಅನ್ನುವ ಫೆರ್ರಿ ಮುಳುಗುವಾಗ, ಇದ್ದಲ್ಲೇ ಇರಿ ಅಂತ ಮತ್ತೆ ಮತ್ತೆ ಹೇಳಿದರು. ಹೇಳಿದ್ದನ್ನು ಕೇಳಿ ಕೂತವರಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳೇ ಜಾಸ್ತಿ. 476 ಜನರಲ್ಲಿ 304 ಜನ ಸತ್ತರು, ಅದರಲ್ಲಿ 250 ವಿದ್ಯಾರ್ಥಿಗಳು. ಅದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇದಕ್ಕೆ ನನ್ನ ಉತ್ತರ ಇಷ್ಟು. ಸಿಬ್ಬಂದಿಯ ಮಾತು ಕೇಳಬೇಕು, ಬಹಳ ಸಲ ಅದೇ ಸರಿ. ಆದರೆ ಹಡಗು ವಾಲುತ್ತಿದೆ, ದೀಪ ಆರಿದೆ, ಏನೋ ಸರಿ ಇಲ್ಲ ಅಂತ ನಿಮ್ಮ ಮೈಗೇ ಗೊತ್ತಾಗುತ್ತಿದ್ದರೆ, ಕರೆಯುವ ಮೊದಲೇ ಜಾಕೆಟ್ ಹಿಡಿದು ನಿಮ್ಮ ಸ್ಟೇಷನ್‌ಗೆ ಹೋಗಿ ನಿಲ್ಲುವುದು ತಪ್ಪಲ್ಲ. ಕಾಂಕಾರ್ಡಿಯಾದಲ್ಲಿ ಎಷ್ಟೋ ಜನ ಸದ್ದಿಗೆ ಕಾಯದೆ ಹಾಗೆ ಹೋಗಿ ಸೇರಿದ್ದರು. ಜಾಗ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ.

ಇನ್ನು ಕಾಕಿಯ ಮೊಳಕಾಲು. ಟಿಕೆಟ್ ಮಾಡುವಾಗಲೇ, ಇಲ್ಲವೇ ಹತ್ತಿದ ಕೂಡಲೇ ಕೌಂಟರಿನಲ್ಲಿ ಹೇಳಬೇಕು. ತುರ್ತು ಹೊತ್ತಿನಲ್ಲಿ ಸಹಾಯ ಬೇಕಾದವರ ವಿವರ ಬರೆದುಕೊಂಡು, ಹೊರಡುವ ಮೊದಲೇ ಕ್ಯಾಪ್ಟನ್‌ಗೆ ಮುಟ್ಟಿಸಬೇಕು ಅಂತ ನಿಯಮವೇ ಇದೆ. ಹೇಳಿದರೆ ಅವರ ಹೆಸರು ಆ ಪಟ್ಟಿಯಲ್ಲಿ ಇರುತ್ತದೆ, ಮೆಟ್ಟಿಲಲ್ಲಿ ಇಳಿಸಲು ಜನ ಬರುತ್ತಾರೆ. ನಾಚಿಕೊಂಡು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರಿಲ್‌ನಲ್ಲಿ ಕೂರಲು ಕುರ್ಚಿ ಕೇಳಿದರೆ ಕೊಡುತ್ತಾರೆ. ಭಾಷೆಯ ಕೆಲಸ ಜೊತೆಗಿದ್ದವರದು. ರಾತ್ರಿ ಮಲಗುವ ಮೊದಲು ಅವ್ವನಿಗೆ, ಅಜ್ಜಿಗೆ ನಮ್ಮ ಮಾತಿನಲ್ಲೇ ಹೇಳಿ: “ಏಳು ಸಣ್ಣ ಸದ್ದು, ಒಂದು ಉದ್ದ ಸದ್ದು ಕೇಳಿದ್ರ ಲಿಫ್ಟಿಗಿ ಹೋಗಬ್ಯಾಡ. ಸಂಜಿಗಿ ನಡ್ಕೊಂಡು ಹೋದೆವಲ್ಲ, ಅಲ್ಲಿಗಿ ಬಾ. ನಾ ಇರಲಿಕ್ಕಂದ್ರೂ ನೀ ಹೋಗು, ನಾ ಅಲ್ಲೇ ಬರ್ತೀನಿ.” ಕೊನೆಯ ಮಾತು ಮುಖ್ಯ. ನಮ್ಮವರು ಒಬ್ಬರನ್ನು ಬಿಟ್ಟು ಒಬ್ಬರು ಹೋಗುವವರಲ್ಲ, ಮಗನನ್ನು ಹುಡುಕುತ್ತಾ ಅವ್ವ ಕೆಳಗೆ ಇಳಿದರೆ ಅವ್ವನನ್ನು ಹುಡುಕುತ್ತಾ ಮಗ ಮೇಲೆ ಹತ್ತುತ್ತಾನೆ. ಎಲ್ಲರೂ ಸ್ಟೇಷನ್‌ಗೇ ಹೋಗುವುದು ಅಂತ ಮೊದಲೇ ಮಾತಾಗಿರಬೇಕು. ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಡುವುದಿದ್ದರೆ, ಸದ್ದು ಬಂದಾಗ ಅವರನ್ನು ಸಿಬ್ಬಂದಿ ಎಲ್ಲಿಗೆ ಕರೆತರುತ್ತಾರೆ ಅಂತ ಮೊದಲ ದಿನವೇ ಕೇಳಿ. ಬಹಳ ಹಡಗುಗಳಲ್ಲಿ ಮಕ್ಕಳ ಕೈಗೆ ಸ್ಟೇಷನ್ ನಂಬರಿನ ಪಟ್ಟಿ ಕಟ್ಟುತ್ತಾರೆ, ಅದನ್ನು ಬಿಚ್ಚಬೇಡಿ. ಮಕ್ಕಳಿಗೆ, ಕೂಸುಗಳಿಗೆ ಬೇರೆ ಅಳತೆಯ ಜಾಕೆಟ್ ಇರಬೇಕು, ಅದನ್ನೂ ಕೇಳಿ ಪಡೆಯಿರಿ.

ಮುಂಬೈಗೆ ಹೋದವರು ಗೇಟ್‌ವೇಯಿಂದ ಎಲಿಫೆಂಟಾಕ್ಕೂ ಹೋಗುತ್ತಾರೆ. ಆ ಸಣ್ಣ ಬೋಟುಗಳಲ್ಲಿ ಡ್ರಿಲ್ ಅನ್ನೋದು ಇಲ್ಲ. 2024ರ ಡಿಸೆಂಬರ್ 18ರಂದು ನೀಲ್ ಕಮಲ್ ಅನ್ನುವ ಫೆರ್ರಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು 15 ಜನ ಸತ್ತರು, ಬಹಳ ಜನ ಜಾಕೆಟ್ ಹಾಕಿರಲಿಲ್ಲ. ಯಾದಗಿರಿ ಕಡೆ ಕೃಷ್ಣೆಯಲ್ಲಿ, ಗಾಣಗಾಪುರದ ಹತ್ತಿರ ಭೀಮೆಯಲ್ಲಿ ತೆಪ್ಪವೋ ದೋಣಿಯೋ ಹತ್ತುವಾಗಲೂ ಇದೇ ಮಾತು. ಅಲ್ಲಿ ನಿಮ್ಮನ್ನು ಎಣಿಸುವವರು ಯಾರೂ ಇರುವುದಿಲ್ಲ. ಜಾಕೆಟ್ ಕೇಳಿ, ಹತ್ತುವ ಮೊದಲೇ ತೊಟ್ಟು, ಬಕಲ್ ಬಿಗಿದುಕೊಳ್ಳಿ. ಜಾಕೆಟ್ ಇಲ್ಲ ಅಂದರೆ ಆ ದೋಣಿ ಬಿಟ್ಟು ಇನ್ನೊಂದಕ್ಕೆ ಕಾಯಿರಿ.